'ಪೀಡೆ'ಯ ಪ್ರಾಣಿ ಮತ್ತು ಹಗುರ ರೈಫಲು: ಒಂದು ಆಯ್ಕೆಯ ಚರಿತ್ರೆ

1. ಪ್ರಸ್ತಾವನೆ

ಬೆಳೆಗೆ ಕಾಟ ಕೊಡುವ ಸಣ್ಣ ಪ್ರಾಣಿಗಳನ್ನು ಹೊಡೆಯಲು ಎಂತಹ ಬಂದೂಕು ತಕ್ಕದ್ದು ಎಂಬ ಪ್ರಶ್ನೆ ಮೇಲುನೋಟಕ್ಕೆ ಚರಿತ್ರೆಯ ವಿದ್ಯಾರ್ಥಿಗೆ ಸಂಬಂಧಿಸಿದ್ದೆಂದು ತೋರುವುದಿಲ್ಲ. ಬೇಟೆಯ ಕೈಪಿಡಿಗಳು ಈ ಪ್ರಶ್ನೆಯನ್ನು ತೂಕ, ನಳಿಗೆಯ ಅಳತೆ, ಗುಂಡಿನ ವೇಗ, ತೋಟೆಯ ಬೆಲೆ ಎಂಬ ನಾಲ್ಕಾರು ಬಾಬುಗಳಲ್ಲಿ ಹಂಚಿ ಉತ್ತರಿಸಿ ಮುಗಿಸುತ್ತವೆ. ಆದರೆ ಸುಮಾರು ಒಂದೂವರೆ ಶತಮಾನದ ಅವಧಿಯಲ್ಲಿ ಇಂಗ್ಲೆಂಡ್, ಅಮೆರಿಕ ಮತ್ತು ಭಾರತಗಳಲ್ಲಿ ಈ ಆಯ್ಕೆ ಹೇಗೆ ನಡೆಯಿತೆಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಬೇರೆಯದೇ ಆದ ಚಿತ್ರ ದೊರೆಯುತ್ತದೆ. ಒಂದು ಪ್ರಾಣಿಯನ್ನು ಸಮಾಜ ಯಾವ ಹೆಸರಿನಿಂದ ಕರೆಯುತ್ತದೆ, ಬೇಟೆ ನಡೆಯುವ ನೆಲದಲ್ಲಿ ಜನವಸತಿ ಎಷ್ಟು ದಟ್ಟವಾಗಿದೆ, ಯಾರ ಕೈಯಲ್ಲಿ ಎಂತಹ ಆಯುಧ ಇರಬಹುದೆಂದು ಪ್ರಭುತ್ವ ವಿಧಿಸುತ್ತದೆ ಎಂಬ ಮೂರು ಸಂಗತಿಗಳು ಸೇರಿ ರೈಫಲಿನ ಆಕಾರವನ್ನು ನಿರ್ಣಯಿಸಿವೆ. ಈ ಮೂರನ್ನು ಅನುಕ್ರಮವಾಗಿ ಪರಿಶೀಲಿಸಿ, ಕರ್ನಾಟಕದ ಬೆಳೆಗಾವಲಿನ ಕೋವಿಗೂ ಈ ಚರಿತ್ರೆಗೂ ಇರುವ ಸಂಬಂಧವನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಹೆಸರಿನ ಚರಿತ್ರೆ

ಅಮೆರಿಕದ ಬೇಟೆಯ ಸಾಹಿತ್ಯದಲ್ಲಿ ಬಳಕೆಯಾಗುವ 'ವಾರ್ಮಿಂಟ್' ಎಂಬ ಮಾತು ಇಂಗ್ಲಿಷಿನ 'ವರ್ಮಿನ್' ಎಂಬ ಪದದ ಪ್ರಾದೇಶಿಕ ಉಚ್ಚಾರಣೆ. ಈ ಪದ ಹಳೆಯ ಫ್ರೆಂಚಿನ ಮೂಲಕ ಬಂದದ್ದು. ಅದರ ಮೂಲ ಹುಳು ಎಂಬ ಅರ್ಥದ ಲ್ಯಾಟಿನ್ ಶಬ್ದ. ಹುಳುವಿಗೆ ಸಲ್ಲುವ ಹೇಸಿಗೆ ನರಿ, ಕಾಗೆ, ತೋಳಗಳಿಗೂ ವಿಸ್ತರಿಸಿದ್ದು ಕೇವಲ ಭಾಷೆಯ ಆಕಸ್ಮಿಕವೆಂದು ಹೇಳಲಾಗದು. ಅದರ ಹಿಂದೆ ಕಾನೂನು ಇದೆ. 1532ರಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಕಾಗೆಯ ಜಾತಿಯ ಹಕ್ಕಿಗಳನ್ನು ನಾಶಮಾಡಲು ಇಂಗ್ಲೆಂಡಿನಲ್ಲಿ ಶಾಸನವೊಂದು ಜಾರಿಗೆ ಬಂದಿತು. ಅದರ ಪ್ರಕಾರ ಊರವರು ಬಲೆಗಳನ್ನು ಇಟ್ಟುಕೊಳ್ಳಬೇಕಾಗಿತ್ತು. 1566ರಲ್ಲಿ ಎಲಿಜಬೆತ್ ರಾಣಿಯ ಕಾಲದಲ್ಲಿ ಧಾನ್ಯರಕ್ಷಣೆಯ ಹೆಸರಿನಲ್ಲಿ ಬಂದ ಶಾಸನ ಇನ್ನೂ ಮುಂದೆ ಹೋಯಿತು. ಕೊಂದ ಪ್ರಾಣಿಯ ತಲೆಯನ್ನು ತಂದೊಪ್ಪಿಸಿದವರಿಗೆ ಚರ್ಚಿನ ಆಡಳಿತಗಾರರು ಹಣ ಕೊಡಬೇಕೆಂದು ಅದು ವಿಧಿಸಿತು. ಮೂರು ಕಾಗೆಗಳ ತಲೆಗೆ ಒಂದು ಪೆನ್ನಿ, ಮುಳ್ಳುಹಂದಿಯನ್ನು ಹೋಲುವ ಪುಟ್ಟ ಹೆಜ್‌ಹಾಗಿಗೆ 2 ಪೆನ್ಸ್, ನರಿಗೆ 12 ಪೆನ್ಸ್ ಹೀಗೆ ದರಗಳ ಪಟ್ಟಿಯೇ ಸಿದ್ಧವಾಯಿತು. ಹೆಜ್‌ಹಾಗ್ ರಾತ್ರಿ ಹಸುವಿನ ಕೆಚ್ಚಲಿಗೆ ಬಾಯಿ ಹಾಕಿ ಹಾಲು ಕುಡಿಯುತ್ತದೆಂಬ ಜನರ ನಂಬಿಕೆಯೂ ಆ ಪ್ರಾಣಿಗೆ ಬಂದ ದುರ್ದೆಸೆಗೆ ಕಾರಣವಾಗಿತ್ತು. ಸುಳ್ಳು ನಂಬಿಕೆಯೊಂದು ಶಾಸನದ ಪಟ್ಟಿಯ ಬೆಂಬಲ ಪಡೆದರೆ ಎಷ್ಟು ದೀರ್ಘಾಯುಷಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇಂಗ್ಲೆಂಡಿನಿಂದ ಅಟ್ಲಾಂಟಿಕ್ ದಾಟಿದ ವಲಸೆಗಾರರು ಈ ಪದ್ಧತಿಯನ್ನೂ ಜೊತೆಗೆ ಒಯ್ದರು. ಮ್ಯಾಸಚೂಸೆಟ್ಸ್ ಬೇ ವಸಾಹತು 1630ರಲ್ಲಿಯೇ ತೋಳದ ತಲೆಗೆ ಬಹುಮಾನ ಗೊತ್ತುಮಾಡಿತು. ಹೀಗೆ 'ವರ್ಮಿನ್' ಎಂಬುದು ಪ್ರಾಣಿಶಾಸ್ತ್ರದ ವರ್ಗವಾಗಿರದೆ ಲೆಕ್ಕಪತ್ರದ ವರ್ಗವಾಗಿ ಬೆಳೆಯಿತು. ಪಟ್ಟಿಗೆ ಸೇರಿದ ಪ್ರಾಣಿಗೆ ಬೇಟೆಯ ಋತುವಿಲ್ಲ, ಮಿತಿಯಿಲ್ಲ, ಮಾಂಸದ ಗೌರವವಿಲ್ಲ, ಕೊಂಬು ಚರ್ಮಗಳ ಕೀರ್ತಿಯೂ ಇಲ್ಲ. ಮುಂದೆ ಈ ಪ್ರಾಣಿಗಳಿಗಾಗಿ ರೂಪುಗೊಂಡ ಆಯುಧದಲ್ಲಿ ಈ ನಾಲ್ಕು 'ಇಲ್ಲ'ಗಳೂ ಕೆಲಸ ಮಾಡಿವೆ.

3. ಇಂಗ್ಲೆಂಡಿನ 'ರೂಕ್ ರೈಫಲ್'

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಬಂದೂಕು ತಯಾರಕರು ರೂಕ್ ಎಂಬ ಕಾಗೆಯ ಹೆಸರಿನಲ್ಲಿಯೇ ಒಂದು ಹಗುರ ರೈಫಲನ್ನು ರೂಢಿಗೆ ತಂದರು. ಒಂದೇ ತೋಟೆ ಹಿಡಿಯುವ, ಸಾಮಾನ್ಯವಾಗಿ ಎರಡೂವರೆ ಕಿಲೋಗ್ರಾಮಿನ ಆಸುಪಾಸಿನ, ನಳಿಗೆಯ ರಂಧ್ರ ಕಾಲು ಅಂಗುಲದಿಂದ .380 ಅಂಗುಲದವರೆಗೆ ಇರುತ್ತಿದ್ದ ಈ ರೈಫಲುಗಳನ್ನು ಹಾಲೆಂಡ್ ಅಂಡ್ ಹಾಲೆಂಡ್‌ನಂತಹ ಹೆಸರಾಂತ ಸಂಸ್ಥೆಗಳೂ ದೊಡ್ಡ ಸಂಖ್ಯೆಯಲ್ಲಿ ತಯಾರಿಸಿದವು. ಮೇ ತಿಂಗಳಿನಲ್ಲಿ ಗೂಡಿನಿಂದ ಹೊರಬಂದು ಕೊಂಬೆಯ ಮೇಲೆ ಕುಳಿತ, ಇನ್ನೂ ಚೆನ್ನಾಗಿ ಹಾರಲು ಬಾರದ ಎಳೆಯ ರೂಕುಗಳನ್ನು ಕೆಳಗೆ ನಿಂತು ಗುರಿಯಿಟ್ಟು ಹೊಡೆಯುವುದು ಹಳ್ಳಿಗಾಡಿನ ಜಮೀನುದಾರರ ವಾರ್ಷಿಕ ವಿನೋದವಾಗಿತ್ತು.

ಈ ರೈಫಲಿನ ಪ್ರತಿಯೊಂದು ಲಕ್ಷಣಕ್ಕೂ ಆ ನೆಲದ ಸ್ಥಿತಿಯಲ್ಲಿ ಕಾರಣವಿದೆ. ಮೇಲ್ಮುಖವಾಗಿ ಹಾರಿಸಿದ ಗುಂಡು ಗುರಿ ತಪ್ಪಿದರೆ ಎಲ್ಲೋ ಬೀಳಲೇಬೇಕು; ಬೇಲಿಗೆ ಬೇಲಿ ತಾಗಿದ ಹೊಲಗಳೂ ಒತ್ತೊತ್ತಾದ ಗ್ರಾಮಗಳೂ ಇದ್ದ ಇಂಗ್ಲೆಂಡಿನಲ್ಲಿ ಅದು ನೆರೆಯವನ ಅಂಗಳದಲ್ಲಿ ಬೀಳುವ ಸಂಭವ ಹೆಚ್ಚು. ಆದ್ದರಿಂದ ಗುಂಡು ಸಣ್ಣದಾಗಿರಬೇಕು, ಮದ್ದು ಮಿತವಾಗಿರಬೇಕು, ದೂರದಲ್ಲಿ ಅದರ ಕಸುವು ಬೇಗ ಉಡುಗಬೇಕು. ಎಳೆಯ ರೂಕಿನ ಮಾಂಸದಿಂದ ಕಡುಬು ಮಾಡುವ ಪದ್ಧತಿಯಿದ್ದುದರಿಂದ ಗುಂಡು ಹಕ್ಕಿಯ ದೇಹವನ್ನು ಛಿದ್ರ ಮಾಡದೆ ತೂತು ಮಾತ್ರ ಮಾಡಿದರೆ ಸಾಕಾಗಿತ್ತು. ಶಾಸನ 'ಪೀಡೆ' ಎಂದು ಕರೆದ ಹಕ್ಕಿ ಅಡುಗೆಮನೆಯನ್ನು ಇನ್ನೂ ಪೂರ್ತಿಯಾಗಿ ಬಿಟ್ಟುಹೋಗಿರಲಿಲ್ಲ ಎಂಬುದನ್ನು ಈ ಮಿತವಾದ ಗುಂಡು ಸೂಚಿಸುತ್ತದೆ.

ರೂಕ್ ರೈಫಲಿನ ಅಂತ್ಯವೂ ಅಷ್ಟೇ ಅರ್ಥಪೂರ್ಣ. ಅಗ್ಗದ .22 ತೋಟೆ ಅದರ ಮಾರುಕಟ್ಟೆಯನ್ನು ಕಸಿದುಕೊಂಡಿತು. 1920ರ ಬಂದೂಕು ಕಾಯಿದೆಯು ರೈಫಲಿಗೆ ಪ್ರಮಾಣಪತ್ರ ಕಡ್ಡಾಯಗೊಳಿಸಿ, ಚರೆ ಹಾರಿಸುವ ನುಣುಪು ನಳಿಗೆಯ ಬಂದೂಕನ್ನು ಅದರಿಂದ ಹೊರಗಿಟ್ಟಾಗ ಅನೇಕ ರೂಕ್ ರೈಫಲುಗಳ ನಳಿಗೆಯ ಒಳಗಿನ ಸುರುಳಿ ಗೀರುಗಳನ್ನು ಕೊರೆದು ತೆಗೆದು .410 ಅಳತೆಯ ಚರೆ ಬಂದೂಕುಗಳನ್ನಾಗಿ ಮಾರ್ಪಡಿಸಲಾಯಿತು. ಒಂದೇ ಆಯುಧ, ಒಂದೇ ಮನೆ, ಒಂದೇ ಹೊಲ. ಕಾನೂನಿನ ಒಂದು ವಾಕ್ಯ ಬದಲಾದುದರಿಂದ ನಳಿಗೆಯ ಒಳಮೈ ಬದಲಾಯಿತು.

4. ಅಮೆರಿಕ: ಹುಡುಗನ ಕೋವಿಯಿಂದ ದೂರಗಾಮಿ ರೈಫಲಿನವರೆಗೆ

.22 ತೋಟೆಯ ಮೂಲ ಬೇಟೆಯಲ್ಲಿಲ್ಲ. 1845ರ ಸುಮಾರಿಗೆ ಫ್ರಾನ್ಸಿನ ಫ್ಲೋಬೆರ್ ಮನೆಯೊಳಗಿನ ಗುರಿಯಾಟಕ್ಕೆಂದು ಒಂದು ಪುಟ್ಟ ತೋಟೆಯನ್ನು ರೂಪಿಸಿದನು. 1857ರಲ್ಲಿ ಸ್ಮಿತ್ ಅಂಡ್ ವೆಸನ್ ಸಂಸ್ಥೆ ತನ್ನ ಮೊದಲ ರಿವಾಲ್ವರಿಗಾಗಿ .22 ಶಾರ್ಟ್ ತೋಟೆಯನ್ನು ತಂದಿತು. 1887ರಲ್ಲಿ ಸ್ಟೀವನ್ಸ್ ಸಂಸ್ಥೆಯಿಂದ .22 ಲಾಂಗ್ ರೈಫಲ್ ಹೊರಬಂದಿತು. ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡನ್ನು ಸೆಕೆಂಡಿಗೆ 330ರಿಂದ 380 ಮೀಟರ್ ವೇಗದಲ್ಲಿ ಹಾರಿಸುವ ಈ ತೋಟೆ ಇಂದಿಗೂ ಬಳಕೆಯಲ್ಲಿದೆ. ಅದಕ್ಕೆ ಹೊಂದುವ, ಎರಡು ಕಿಲೋಗ್ರಾಮಿನ ಆಸುಪಾಸಿನ 'ಸ್ಟೀವನ್ಸ್ ಫೇವರಿಟ್'ನಂತಹ ರೈಫಲುಗಳನ್ನು ಅಮೆರಿಕದ ಹಳ್ಳಿಗಳಲ್ಲಿ ಹುಡುಗನ ಕೋವಿ ಎಂದೇ ಪರಿಗಣಿಸಲಾಗುತ್ತಿತ್ತು. ದನದ ಕೊಟ್ಟಿಗೆಯ ಇಲಿ, ತರಕಾರಿ ಮಡಿಯ ಮೊಲ, ಮೇವಿನ ಹೊಲದಲ್ಲಿ ಬಿಲ ತೋಡುವ ವುಡ್‌ಚಕ್ ಇವು ಆ ಹುಡುಗನ ಪಾಲಿನ ಕೆಲಸ. ಅಂಚೆಯ ಮೂಲಕವೇ ಇಂತಹ ರೈಫಲುಗಳನ್ನು ತರಿಸಿಕೊಳ್ಳುವ ಅವಕಾಶ ಅಲ್ಲಿ 1968ರ ಕಾಯಿದೆಯವರೆಗೂ ಇತ್ತು.

ಈ ತೋಟೆಗೆ ಎರಡು ಕೊರತೆಗಳಿದ್ದವು. ಎಪ್ಪತ್ತು ಎಂಬತ್ತು ಮೀಟರಿನಿಂದಾಚೆ ಗುಂಡು ಬೇಗ ಕೆಳಗಿಳಿಯುತ್ತದೆ. ಆದ್ದರಿಂದ ದೂರವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವಲ್ಲಿ ಸ್ವಲ್ಪ ತಪ್ಪಿದರೂ ಗುರಿ ತಪ್ಪುತ್ತದೆ ಅಥವಾ ಪ್ರಾಣಿ ಗಾಯಗೊಂಡು ಬಿಲ ಸೇರಿ ನರಳುತ್ತದೆ. ಎರಡನೆಯದಾಗಿ, ನಿಧಾನವಾಗಿ ಸಾಗುವ ಗಟ್ಟಿ ಸೀಸದ ಗುಂಡು ಕಲ್ಲಿಗೋ ಗಟ್ಟಿ ನೆಲಕ್ಕೋ ಬಡಿದು ಪುಟಿದು ಎಲ್ಲೋ ಹೋಗುತ್ತದೆ. ದನ ಮೇಯುವ, ಮನೆಗಳಿರುವ ನೆಲದಲ್ಲಿ ಇದು ಅಪಾಯ.

ಈ ಎರಡೂ ಕೊರತೆಗಳಿಗೆ ಉತ್ತರ 1920ರ ದಶಕದಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಕೆಲವು ಆಸಕ್ತರ ಪ್ರಯೋಗಗಳಿಂದ ಬಂದಿತು. ಟೌನ್‌ಸೆಂಡ್ ವೀಲನ್ ಮತ್ತು ಅವರ ಸಂಗಡಿಗರು 1885ರ ಹಳೆಯ .22 ವಿಂಚೆಸ್ಟರ್ ತೋಟೆಗೆ ಹೊಗೆಯಿಲ್ಲದ ಮದ್ದನ್ನೂ ತಾಮ್ರದ ಹೊದಿಕೆಯ ಗುಂಡನ್ನೂ ಅಳವಡಿಸಿ .22 ಹಾರ್ನೆಟ್ ಎಂಬುದನ್ನು ರೂಪಿಸಿದರು. 1930ರಲ್ಲಿ ವಿಂಚೆಸ್ಟರ್ ಸಂಸ್ಥೆ ಇದರ ತೋಟೆಗಳನ್ನು ಮಾರಾಟಕ್ಕೆ ತಂದಾಗ ಅದಕ್ಕೆ ತಕ್ಕ ರೈಫಲುಗಳು ಅಂಗಡಿಗೆ ಇನ್ನೂ ಬಂದಿರಲಿಲ್ಲ. ಸುಮಾರು 2.9 ಗ್ರಾಮಿನ ಗುಂಡು ಸೆಕೆಂಡಿಗೆ 730 ಮೀಟರಿಗೂ ಮಿಗಿಲಾದ ವೇಗದಲ್ಲಿ ಹೋಗುವುದರಿಂದ ಅದರ ಹಾರುಪಥ ನೂರೈವತ್ತು ಮೀಟರಿನವರೆಗೂ ಹೆಚ್ಚು ಬಾಗುವುದಿಲ್ಲ. ತೆಳು ಹೊದಿಕೆಯ ಗುಂಡು ಮಣ್ಣಿಗೆ ಬಡಿದೊಡನೆ ಚೂರಾಗುವುದರಿಂದ ಪುಟಿಯುವ ಭಯವೂ ಕಡಿಮೆ. ಸದ್ದು ಮಿತ, ಹಿಮ್ಮೊಡೆತ ಅಲ್ಪ. ಜನವಸತಿಯ ನಡುವಿನ ಹೊಲಗಳಲ್ಲಿ ನಡೆದಾಡುತ್ತ ಬೆಳೆ ಕಾಯುವವನಿಗೆ ಹಾರ್ನೆಟ್ಟಿನ ಹಗುರ ರೈಫಲು ಅತ್ಯಂತ ಸಮಂಜಸವಾದ ಆಯ್ಕೆಯೆಂದು ಪರಿಗಣಿತವಾದುದಕ್ಕೆ ಇವು ಕಾರಣಗಳು.

ಆದರೆ ವಿಕಾಸ ಅಲ್ಲಿಗೆ ನಿಲ್ಲಲಿಲ್ಲ. 1935ರಲ್ಲಿ ಬಂದ .220 ಸ್ವಿಫ್ಟ್ ಸುಮಾರು 3.1 ಗ್ರಾಮಿನ ಗುಂಡನ್ನು ಸೆಕೆಂಡಿಗೆ 1,250 ಮೀಟರ್ ವೇಗದಲ್ಲಿ ಹಾರಿಸಿತು. ನಳಿಗೆ ಬೇಗ ಸವೆಯುತ್ತದೆಂಬ ಅಪಖ್ಯಾತಿ ಅದಕ್ಕೆ ಅಂಟಿಕೊಂಡಿತು. 1950ರಲ್ಲಿ ರೆಮಿಂಗ್ಟನ್ ಸಂಸ್ಥೆಯ ಮೈಕ್ ವಾಕರ್ ರೂಪಿಸಿದ .222 ತೋಟೆ ಹಾರ್ನೆಟ್ ಮತ್ತು ಸ್ವಿಫ್ಟ್‌ಗಳ ನಡುವಿನ ಹದವನ್ನು ಹಿಡಿಯಿತು. ಇದರ ಚಾರಿತ್ರಿಕ ಮಹತ್ವ ಬೇಟೆಯ ವಲಯವನ್ನು ಮೀರಿದ್ದು. .222ರಿಂದಲೇ .223 ಹುಟ್ಟಿತು, ಅದೇ ಅಮೆರಿಕದ ಸೈನ್ಯದ ಎಂ-16 ರೈಫಲಿನ 5.56 ಮಿ.ಮೀ. ತೋಟೆಯಾಯಿತು. ಮುಂದೆ ಭಾರತವೂ ಇದೇ ಅಳತೆಯನ್ನು ಒಪ್ಪಿ ಇನ್ಸಾಸ್ ರೈಫಲನ್ನು ತಯಾರಿಸಿತು. ಹೊಲದ ಬಿಲದ ಬಾಯಲ್ಲಿ ಕಾಣಿಸಿಕೊಳ್ಳುವ ಪ್ರಾಣಿಗಾಗಿ ರೂಪುಗೊಂಡ ಅಳತೆಯೊಂದು ಎರಡು ದಶಕಗಳೊಳಗೆ ಮನುಷ್ಯರ ಯುದ್ಧದ ಅಳತೆಯಾದ ಈ ಪಯಣ ಇತಿಹಾಸಕಾರನ ಗಮನಕ್ಕೆ ಅರ್ಹವಾಗಿದೆ.

ಇಲ್ಲಿ ತೂಕದ ಪ್ರಶ್ನೆಯನ್ನು ಪ್ರತ್ಯೇಕವಾಗಿ ಗಮನಿಸಬೇಕು. ತೆಳು ನಳಿಗೆಯ ಹಗುರ ರೈಫಲನ್ನು ದಿನವಿಡೀ ಹೆಗಲ ಮೇಲೆ ಹೊತ್ತು ತಿರುಗಬಹುದು. ಆದರೆ ಬೆನ್ನುಬೆನ್ನಿಗೆ ಹಲವು ಗುಂಡು ಹಾರಿಸಿದರೆ ನಳಿಗೆ ಕಾದು ಗುರಿ ಸರಿಯುತ್ತದೆ. ದಪ್ಪ ನಳಿಗೆಯ ಭಾರದ ರೈಫಲು ಅಷ್ಟು ಬೇಗ ಕಾಯುವುದಿಲ್ಲ, ನಿಂತ ಜಾಗದಲ್ಲಿ ಅಲುಗುವುದೂ ಇಲ್ಲ. ಆದರೆ ಅದನ್ನು ಹೊತ್ತು ನಡೆಯುವುದು ಕಷ್ಟ. ಹಾಗಾಗಿ ಹಗುರ ರೈಫಲು ನಡೆದು ಹೊಲ ಕಾಯುವ, ದಿನಕ್ಕೆ ಒಂದೆರಡು ಗುಂಡು ಮಾತ್ರ ಹಾರಿಸುವ ರೈತನ ಉಪಕರಣ. ಭಾರದ ರೈಫಲು ಒಂದೇ ಕಡೆ ಕುಳಿತು ನೂರಾರು ಗುಂಡು ಹಾರಿಸುವ ವಿನೋದಿಯ ಉಪಕರಣ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ 'ವಾರ್ಮಿಂಟ್ ರೈಫಲ್' ಎಂಬ ಹೆಸರು ಹೆಚ್ಚಾಗಿ ಎರಡನೆಯದಕ್ಕೆ ಸಲ್ಲತೊಡಗಿತು. ಬೆಳೆ ಕಾಯುವ ಕೆಲಸ ಕ್ರೀಡೆಯಾಗಿ ಮಾರ್ಪಟ್ಟುದಕ್ಕೆ ನಳಿಗೆಯ ದಪ್ಪವೇ ಸಾಕ್ಷಿ.

5. ಪ್ರೇರಿಯ ಪಾಠ

ಈ ಮಾರ್ಪಾಡು ಅತ್ಯಂತ ನಿಚ್ಚಳವಾಗಿ ಕಂಡುಬಂದುದು ಅಮೆರಿಕದ ನಡುನಾಡಿನ ಹುಲ್ಲುಗಾವಲುಗಳಲ್ಲಿ. ಅಲ್ಲಿನ ಪ್ರೇರಿ ನಾಯಿ ಹೆಸರಿಗೆ ನಾಯಿಯಾದರೂ ಅಳಿಲಿನ ಕುಲಕ್ಕೆ ಸೇರಿದ, ನೆಲದಲ್ಲಿ ಬಿಲ ತೋಡಿ ಗುಂಪುಗುಂಪಾಗಿ ಬಾಳುವ ಪ್ರಾಣಿ. ಅಮೆರಿಕದ ಕೃಷಿ ಇಲಾಖೆಯ ಪ್ರಾಣಿತಜ್ಞ ಸಿ. ಹಾರ್ಟ್ ಮೆರಿಯಮ್ 1901ರ ಇಲಾಖೆಯ ವಾರ್ಷಿಕ ಗ್ರಂಥದಲ್ಲಿ ಬರೆದ ಲೇಖನದಲ್ಲಿ ಟೆಕ್ಸಾಸಿನ ಒಂದೇ ವಸತಿಯಲ್ಲಿ 40 ಕೋಟಿ ಪ್ರೇರಿ ನಾಯಿಗಳಿರಬಹುದೆಂದೂ, ಅವು ಹುಲ್ಲುಗಾವಲಿನ ಉತ್ಪನ್ನವನ್ನು ಶೇಕಡಾ 50ರಿಂದ 75ರಷ್ಟು ಕುಗ್ಗಿಸುತ್ತವೆಂದೂ ಅಂದಾಜು ಮಾಡಿದನು. ಈ ಅಂಕಿಗಳು ದನಗಾಹಿ ಒಡೆಯರ ಬೇಡಿಕೆಗೆ ವಿಜ್ಞಾನದ ಮುದ್ರೆಯೊತ್ತಿದವು. 1915ರಿಂದ ಕೇಂದ್ರ ಸರ್ಕಾರವೇ ಬೇಟೆಪ್ರಾಣಿಗಳ ನಿರ್ಮೂಲನಕ್ಕೆ ಹಣ ಕೊಟ್ಟಿತು. 1931ರಲ್ಲಿ ಅದಕ್ಕೆಂದೇ ಶಾಸನವಾಯಿತು. ಪ್ರೇರಿ ನಾಯಿಗಳನ್ನು ಸಂಹರಿಸಿದುದರಲ್ಲಿ ರೈಫಲಿಗಿಂತ ಸ್ಟ್ರಿಕ್ನಿನ್ ಮೊದಲಾದ ವಿಷಗಳ ಪಾಲು ಬಹಳ ದೊಡ್ಡದು. ಹಡಗಿನ ಇಲಿಗಳೊಡನೆ ಆ ದೇಶಕ್ಕೆ ಬಂದ ಪ್ಲೇಗ್ ರೋಗ ಉಳಿದುದನ್ನು ಪೂರೈಸಿತು.

ಇದರ ಫಲ ಪಟ್ಟಿಯಲ್ಲಿಲ್ಲದ ಪ್ರಾಣಿಯೊಂದರ ಮೇಲೆ ಎರಗಿತು. ಪ್ರೇರಿ ನಾಯಿಗಳನ್ನೇ ತಿಂದು, ಅವುಗಳ ಬಿಲದಲ್ಲೇ ಬಾಳುವ ಕಪ್ಪು ಕಾಲಿನ ಫೆರೆಟ್ ಅಳಿದುಹೋಯಿತೆಂದೇ 1979ರ ವೇಳೆಗೆ ಭಾವಿಸಲಾಗಿತ್ತು. 1981ರಲ್ಲಿ ವಯೋಮಿಂಗ್ ರಾಜ್ಯದ ಮಿಟೀಟ್ಸಿ ಬಳಿ ಅದು ಮತ್ತೆ ಪತ್ತೆಯಾಯಿತು. ರೋಗಕ್ಕೆ ಸಿಕ್ಕಿ ಅಲ್ಲಿಯೂ ನಶಿಸತೊಡಗಿದಾಗ, 1987ರ ಹೊತ್ತಿಗೆ ಉಳಿದಿದ್ದ 18 ಪ್ರಾಣಿಗಳನ್ನು ಹಿಡಿದು ಸಾಕಿ, 1991ರಿಂದ ಅವುಗಳ ಸಂತತಿಯನ್ನು ಮರಳಿ ಹುಲ್ಲುಗಾವಲಿಗೆ ಬಿಡುವ ಕಾರ್ಯ ನಡೆಯಿತು. 'ಪೀಡೆ'ಯೆಂದು ಕೊಂದ ಪ್ರಾಣಿ ಮತ್ತೊಂದರ ಅನ್ನವಾಗಿತ್ತು ಎಂಬುದು ತಡವಾಗಿ ತಿಳಿಯಿತು.

ರೈಫಲಿನ ಪಾಲೂ ಆಮೇಲೆ ಲೆಕ್ಕಕ್ಕೆ ಬಂದಿತು. ಮಣ್ಣಿಗೆ ಬಡಿದರೆ ಚೂರಾಗಿ ನೆರೆಯವನನ್ನು ರಕ್ಷಿಸುವ ಗುಂಡು, ಪ್ರಾಣಿಯ ದೇಹದಲ್ಲಿಯೂ ಚೂರಾಗುತ್ತದೆ. ತಿನ್ನುವ ಉದ್ದೇಶವಿಲ್ಲದ ಬೇಟೆಯಾದುದರಿಂದ ಸತ್ತ ಪ್ರಾಣಿ ಹೊಲದಲ್ಲಿಯೇ ಉಳಿಯುತ್ತದೆ. ಹದ್ದು ಗಿಡುಗಗಳು ಅದರೊಡನೆ ಸೀಸದ ಕಣಗಳನ್ನೂ ನುಂಗುತ್ತವೆ. ಹಿಗ್ಗಿ ಚೂರಾಗುವ ಗುಂಡಿನಿಂದ ಸತ್ತ ಪ್ರೇರಿ ನಾಯಿಗಳಲ್ಲಿ, ಹಿಗ್ಗದ ಗುಂಡಿನಿಂದ ಸತ್ತವುಗಳಿಗಿಂತ ಬಹಳ ಹೆಚ್ಚು ಸೀಸ ಉಳಿಯುತ್ತದೆಂದು 2007ರಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಕ್ಯಾಲಿಫೋರ್ನಿಯ ರಾಜ್ಯ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಸಂಪೂರ್ಣವಾಗಿ ನಿಷೇಧಿಸಿತು. 2002ರಲ್ಲಿ ಬಂದ .17 ಅಳತೆಯ ಎಚ್.ಎಂ.ಆರ್. ತೋಟೆಯ ಗುಂಡು ಕೇವಲ 1.1 ಗ್ರಾಂ ತೂಗುತ್ತದೆ. ಗುಂಡು ಹಗುರವಾದಷ್ಟೂ ಅದರ ಪರಿಣಾಮ ಹಗುರವಾಗುತ್ತದೆಂಬ ಭಾವನೆಯನ್ನು ಈ ಚರಿತ್ರೆ ಸಮರ್ಥಿಸುವುದಿಲ್ಲ.

6. ಭಾರತ: ಅಳತೆಯನ್ನು ನಿರ್ಣಯಿಸಿದ ಕಾನೂನು

ಭಾರತದಲ್ಲಿ ರೈತನ ಮುಂದೆ ಇಂತಹ ಆಯ್ಕೆಗಳ ಪ್ರಶ್ನೆಯೇ ಏಳಲಿಲ್ಲ. 1857ರ ದಂಗೆಯ ತರುವಾಯ ನಡೆದ ನಿರಾಯುಧೀಕರಣ, ಅನಂತರದ 1878ರ ಶಸ್ತ್ರ ಕಾಯಿದೆ ಇವು ಬಂದೂಕನ್ನು ಪರವಾನಗಿಯ ವಸ್ತುವನ್ನಾಗಿಸಿದವು. ಅದೇ ವೇಳೆಗೆ ಕೆಲವು ಪ್ರಾಣಿಗಳನ್ನು ಬೇಟೆಯ ವಿನೋದಕ್ಕಾಗಿ ಕಾಪಾಡುವ ಶಾಸನಗಳೂ ಬಂದವು. ನೀಲಗಿರಿಯ ಬೇಟೆ ಮತ್ತು ಮೀನು ಸಂರಕ್ಷಣಾ ಶಾಸನ 1879ರದು. ಹುಲಿ, ಚಿರತೆ, ತೋಳ, ಕಾಡುನಾಯಿಗಳಿಗೆ ಮಾತ್ರ ಸರ್ಕಾರದ ಬಹುಮಾನವಿತ್ತು. ಹೀಗೆ ಟ್ಯೂಡರ್ ಕಾಲದ ಪಟ್ಟಿ ದಖ್ಖನ್ನಿನ ಕಾಡುಗಳಿಗೂ ಬಂದು ತಲುಪಿತು.

ಪ್ರಭುತ್ವದ ಭಯ ನಳಿಗೆಯ ಅಳತೆಯನ್ನು ಹೇಗೆ ಬದಲಿಸುತ್ತದೆಂಬುದಕ್ಕೆ 1907ರ ಆಜ್ಞೆ ಒಳ್ಳೆಯ ಉದಾಹರಣೆ. ಸೈನ್ಯದ ಮಾರ್ಟಿನಿ-ಹೆನ್ರಿ ರೈಫಲಿಗೆ ಒದಗಬಹುದೆಂಬ ಶಂಕೆಯಿಂದ .450 ಅಳತೆಯ ರೈಫಲು ಮತ್ತು ತೋಟೆಗಳ ಆಮದನ್ನು ಭಾರತದಲ್ಲಿ ನಿರ್ಬಂಧಿಸಲಾಯಿತು. ಲಂಡನ್ನಿನ ತಯಾರಕರು ಒಡನೆಯೇ .465, .470, .475 ಅಳತೆಗಳನ್ನು ಸೃಷ್ಟಿಸಿದರು. ಹುಲಿಯೂ ಕಾಟಿಯೂ ಬದಲಾಗಿರಲಿಲ್ಲ, ಕಡತ ಬದಲಾಗಿತ್ತು. ಸ್ವತಂತ್ರ ಭಾರತದಲ್ಲಿ ಇಛಾಪುರದ ಕಾರ್ಖಾನೆ ನಾಗರಿಕರಿಗೆಂದು ಸೈನ್ಯದ .303ನ್ನು ಬಿಟ್ಟು .315 ಅಳತೆಯ ರೈಫಲನ್ನು ತಯಾರಿಸಿದುದರ ಹಿಂದೆಯೂ ಇದೇ ತರ್ಕವಿದೆ.

1959ರ ಶಸ್ತ್ರ ಕಾಯಿದೆಯ 13ನೆಯ ಕಲಮಿನ 3ನೆಯ ಉಪಕಲಮು ನಮ್ಮ ವಿಷಯಕ್ಕೆ ಅತ್ಯಂತ ಪ್ರಸ್ತುತವಾದದ್ದು. ಸ್ವರಕ್ಷಣೆ ಅಥವಾ ಕ್ರೀಡೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನುಣುಪು ಬಂದೂಕು; ನೈಜವಾದ ಬೆಳೆರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕು; .22 ರೈಫಲು ಅಥವಾ ಗಾಳಿ ಬಂದೂಕು ರೈಫಲ್ ಕ್ಲಬ್ಬಿನ ಸದಸ್ಯನ ಗುರಿ ಅಭ್ಯಾಸಕ್ಕೆ. ಬಾಯಿಯಿಂದ ತುಂಬುವ ಬಂದೂಕು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ರೈತನಿಗೆ ಬೇರೆ ನುಣುಪು ನಳಿಗೆಯ ಬಂದೂಕು ದೊರೆಯಬಹುದು. ಅಂದರೆ ಇಂಗ್ಲೆಂಡ್ ಅಮೆರಿಕಗಳಲ್ಲಿ ಹೊಲ ಕಾಯುವವನ ಕೈಗೆ ಬಂದ ಹಗುರ ರೈಫಲು ಇಲ್ಲಿ ಪಟ್ಟಣದ ಕ್ಲಬ್ಬಿಗೆ ಹೋಯಿತು. ಹೊಲ ಕಾಯುವವನಿಗೆ ಕ್ರಿಮಿಯಾ ಯುದ್ಧದ ಕಾಲದ ತಂತ್ರದ ಕೋವಿ ಉಳಿಯಿತು. ಒಂದು ಈಡು ಹಾರಿಸಿದ ಮೇಲೆ ಮತ್ತೆ ಮದ್ದು, ನಾರು, ಚರೆಗಳನ್ನು ಗಜದಿಂದ ಜಡಿದು ಕೇಪು ಕೂರಿಸುವಷ್ಟರಲ್ಲಿ ಹಂದಿಯ ಹಿಂಡು ಗದ್ದೆ ದಾಟಿರುತ್ತದೆ. ಚರೆ ಚದುರಿ ಬೀಳುವುದರಿಂದ ಪ್ರಾಣಿ ಸಾಯದೆ ಗಾಯಗೊಂಡು ಕಾಡು ಸೇರುವುದೂ ಸಾಮಾನ್ಯ. ನೆರೆಯ ಮನೆಯ ಸುರಕ್ಷಿತತೆಯ ದೃಷ್ಟಿಯಿಂದ ಕಡಿಮೆ ದೂರ ಹೋಗುವ ಚರೆ ಮೇಲೆಂಬ ವಾದಕ್ಕೂ ಬಲವಿದೆ. ಆದರೆ ಇಲ್ಲಿ ಕೆಲಸ ಮಾಡಿದ ಪ್ರಧಾನ ಕಾಳಜಿ ಹೊಲದ್ದಾಗಿರದೆ ಶಾಂತಿಪಾಲನೆಯದಾಗಿತ್ತೆಂಬುದು ಕಾಯಿದೆಯ ಒಟ್ಟು ವಿನ್ಯಾಸದಿಂದ ವ್ಯಕ್ತವಾಗುತ್ತದೆ.

7. ಕೊಡಗು ಮತ್ತು ಮಲೆನಾಡು

ಈ ಸಾರ್ವತ್ರಿಕ ನಿಯಮಕ್ಕೆ ಕೊಡಗು ಪ್ರಸಿದ್ಧವಾದ ಅಪವಾದ. 1834ರಲ್ಲಿ ಬ್ರಿಟಿಷರ ವಶವಾದ ಕೊಡಗಿನಲ್ಲಿ, 1861ರಲ್ಲಿ ಮಾರ್ಕ್ ಕಬ್ಬನ್ ಅವರ ಆದೇಶದಿಂದ ಕೊಡವರಿಗೆ ನಿರಾಯುಧೀಕರಣದಿಂದ ವಿನಾಯಿತಿ ದೊರೆಯಿತು. ಕೊಡವ ಜನಾಂಗದವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಸಲ್ಲುವ ಈ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿದಿದ್ದು, 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರವರೆಗೆ ವಿಸ್ತರಿಸಿತು. ಇದರ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ಕೊಡವ ಭಾಷೆಯಲ್ಲಿ 'ತೋಕ್' ಎನಿಸುವ ಬಂದೂಕು ಜನನ ಮರಣಗಳ ಆಚರಣೆಯಲ್ಲಿ ಸ್ಥಾನ ಪಡೆದಿದೆ. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಸಲ್ಲುತ್ತದೆ. ನಾಟಿ ಮುಗಿದ ಗದ್ದೆಗೆ ಇನ್ನು ಬೇಕಾದುದು ಕಾವಲು. ಆದ್ದರಿಂದ ಕೃಷಿಯ ಪಂಚಾಂಗಕ್ಕೂ ಈ ಪೂಜೆಗೂ ಇರುವ ನಂಟು ಸಹಜವಾಗಿದೆ.

ಘಟ್ಟದ ಉಳಿದ ಭಾಗಗಳಲ್ಲಿ ಸ್ಥಿತಿ ಬೇರೆ. 'ಕೇಪಿನ ಕೋವಿ', 'ತೋಟೆ ಕೋವಿ', 'ಒಂಟಿ ನಳಿಗೆ', 'ಜೋಡು ನಳಿಗೆ', 'ಈಡು', 'ಚರೆ', 'ಮದ್ದು' ಎಂಬ ಮಲೆನಾಡಿನ ಪದಸಂಪತ್ತಿನಲ್ಲಿ ರೈಫಲಿಗೆ ಸ್ವಂತ ಹೆಸರಿಲ್ಲ ಎಂಬುದು ಗಮನಾರ್ಹ. ಹೆಸರಿಲ್ಲದಿರುವುದಕ್ಕೆ ಕಾರಣ ವಸ್ತು ಕೈಗೆ ಬಾರದಿದ್ದುದು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಮತ್ತು 'ಮಲೆಗಳಲ್ಲಿ ಮದುಮಗಳು' ಕಾದಂಬರಿಗಳೂ, ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'ಯೂ ಈ ಕೋವಿಯ ಸಂಸ್ಕೃತಿಯನ್ನು ಅಭ್ಯಸಿಸುವವರಿಗೆ ಆಕರಗಳಾಗಬಲ್ಲವು. ಚುನಾವಣೆ ಬಂದಾಗ ಬೆಳೆರಕ್ಷಣೆಯ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗುವ ಪದ್ಧತಿ, ಅದು ಫಸಲಿನ ಕಾಲಕ್ಕೆ ಕೂಡಿಬಂದಾಗ ರೈತರು ಎತ್ತುವ ದೂರು, ಕಾನೂನಿನ ಎರಡು ಕಾಳಜಿಗಳ ನಡುವಿನ ತಿಕ್ಕಾಟವನ್ನು ಇಂದಿಗೂ ತೋರಿಸುತ್ತವೆ.

ಕನ್ನಡದ ಹಳೆಯ ದಾಖಲೆಗಳು ಇನ್ನೊಂದು ಮುಖ್ಯ ವ್ಯತ್ಯಾಸವನ್ನು ಮುಂದಿಡುತ್ತವೆ. ಹತ್ತನೆಯ ಶತಮಾನದ ನಡುವಿನ, ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಪರಿಚಿತವಾದದ್ದು. ಕಾಡುಹಂದಿಯೊಡನೆ ಕಾದಿ, ಅದನ್ನು ಕೊಂದು ತಾನೂ ಮಡಿದ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ಮಣಲೇರನು ನಿಲ್ಲಿಸಿದ ಕಲ್ಲು ಅದು. ಅಲ್ಲಿ ಹಂದಿ ನಾಯಿಗೆ ಸಮಬಲದ ಎದುರಾಳಿಯಾಗಿ ಕೆತ್ತಲ್ಪಟ್ಟಿದೆ. ಹೇಸಿಗೆಯ ಮಾತಿಗೆ ಎಡೆಯಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿಯೂ ಬೇಟೆ ರಾಜವಿನೋದಗಳಲ್ಲೊಂದು. ಹೊಲದಲ್ಲಿ ಕಾಟ, ಹಾವಳಿ, ಉಪದ್ರವಗಳ ಮಾತು ರೈತನ ಬಾಯಲ್ಲಿ ಅಂದೂ ಇದ್ದಿರಬೇಕು. ಆದರೆ ಆ ಶಬ್ದಗಳು ಪ್ರಾಣಿಯ ಕೃತ್ಯವನ್ನು ಸೂಚಿಸುತ್ತವೆಯೇ ಹೊರತು ಪ್ರಾಣಿಯ ಜಾತಿಯನ್ನಲ್ಲ. ಹಂದಿ ಹಾವಳಿ ಮಾಡುತ್ತದೆ ಎನ್ನುವುದಕ್ಕೂ ಹಂದಿಯೇ ಹುಳು ಎನ್ನುವುದಕ್ಕೂ ಇರುವ ಅಂತರ ಭಾಷೆಯದು ಮಾತ್ರವಲ್ಲ.

8. ಪಟ್ಟಿಯ ಇಂದಿನ ರೂಪ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಯುಗವನ್ನು ಮುಗಿಸಿದರೂ 'ವರ್ಮಿನ್' ಪರಿಕಲ್ಪನೆಯನ್ನು ಕೈಬಿಡಲಿಲ್ಲ. ಅದರ ಐದನೆಯ ಅನುಸೂಚಿಯಲ್ಲಿ ಕಾಗೆ, ಹಣ್ಣುಬಾವಲಿ, ಇಲಿ, ಹೆಗ್ಗಣಗಳು ಉಳಿದವು. ಕಾಡುನಾಯಿ ಮಾತ್ರ ಬಹುಮಾನದ ಪಟ್ಟಿಯಿಂದ ರಕ್ಷಣೆಯ ಪಟ್ಟಿಗೆ ದಾಟಿತು. 1976ರಿಂದ 1978ರವರೆಗೆ ಬಂಡೀಪುರದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಅವರು ನಡೆಸಿದ ಅಧ್ಯಯನ, ಕ್ರೂರವೆಂದು ಶಪಿಸಲ್ಪಟ್ಟಿದ್ದ ಆ ಪ್ರಾಣಿಯ ಕುಟುಂಬಜೀವನವನ್ನು ವಿದ್ವತ್‌ಲೋಕದ ಮುಂದಿಟ್ಟಿತು. ಹಿಂದೆ ಬಹುಮಾನಕ್ಕಾಗಿ ಬೆನ್ನಟ್ಟುತ್ತಿದ್ದ ಪ್ರಾಣಿಯನ್ನು ಟಿಪ್ಪಣಿ ಪುಸ್ತಕ ಹಿಡಿದು ಹಿಂಬಾಲಿಸುವ ಕಾಲ ಬಂದಿತ್ತು.

62ನೆಯ ಕಲಮಿನ ಅಧಿಕಾರವನ್ನು ಬಳಸಿ ಕೇಂದ್ರ ಸರ್ಕಾರ 2015-16ರಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯ್ ಮತ್ತು ಕಾಡುಹಂದಿಗಳನ್ನು, ಉತ್ತರಾಖಂಡದಲ್ಲಿ ಕಾಡುಹಂದಿಯನ್ನು, ಹಿಮಾಚಲ ಪ್ರದೇಶದಲ್ಲಿ ಕೆಂಪು ಮುಖದ ಕೋತಿಯನ್ನು ನಿಯಮಿತ ಅವಧಿಗೆ 'ವರ್ಮಿನ್' ಎಂದು ಸಾರಿತು. 2022ರ ತಿದ್ದುಪಡಿ, ಅದು ಜಾರಿಗೆ ಬಂದ 2023ರ ಏಪ್ರಿಲ್ 1ರಿಂದ, ಐದನೆಯ ಅನುಸೂಚಿಯನ್ನು ತೆಗೆದುಹಾಕಿತು. ಆದರೆ ಎರಡನೆಯ ಅನುಸೂಚಿಯ ಪ್ರಾಣಿಗಳನ್ನು ನಿರ್ದಿಷ್ಟ ಪ್ರದೇಶಕ್ಕೂ ಅವಧಿಗೂ ಹಾಗೆ ಸಾರುವ ಅಧಿಕಾರವನ್ನು ಉಳಿಸಿಕೊಂಡಿತು. ಶಾಶ್ವತವಾದ ಪಟ್ಟಿ ಹೋಯಿತು, ಪಟ್ಟಿ ಮಾಡುವ ಲೇಖನಿ ಉಳಿಯಿತು.

ಇಂತಹ ಘೋಷಣೆಯಾದಾಗ ಹೊಡೆಯುವವನು ಯಾರು, ಯಾವ ಕೋವಿಯಿಂದ ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ಬಾಯಿಯಿಂದ ಮದ್ದು ತುಂಬುವ ಕೋವಿ ಹಿಡಿದ ರೈತನೇ ಹೊಡೆದರೆ ಗಾಯಗೊಂಡ ಪ್ರಾಣಿಗಳು ಹೆಚ್ಚುತ್ತವೆ. ಹೊರಗಿನಿಂದ ನುರಿತ ರೈಫಲುಗಾರರನ್ನು ಕರೆಸಿದರೆ ಪ್ರೇರಿಯಲ್ಲಿ ಕಂಡಂತೆ ಕಾವಲು ವಿನೋದವಾಗುವ ಸಂಭವವಿದೆ. ಬೆಳೆ ಕಳೆದುಕೊಂಡವನ ನಷ್ಟ ನಿಜ. ಅದನ್ನು ಪ್ರಾಣಿಪ್ರೀತಿಯ ಮಾತಿನಿಂದ ಮರೆಮಾಚಲಾಗದು. ಅಂತೆಯೇ ಅಂದಾಜಿನ ಅಂಕಿಗಳ ಮೇಲೆ ನಿಂತ ಘೋಷಣೆ ಎಷ್ಟು ದೂರ ಹೋಗಬಲ್ಲದೆಂಬುದನ್ನು ಮೆರಿಯಮ್‌ನ 40 ಕೋಟಿಯ ಲೆಕ್ಕ ನೆನಪಿಸುತ್ತದೆ.

9. ಉಪಸಂಹಾರ

ಹಗುರವಾದ ಸಣ್ಣ ಅಳತೆಯ ರೈಫಲಿನ ಆಯ್ಕೆಯಲ್ಲಿ ತಾಂತ್ರಿಕ ವಿವೇಕ ಇಲ್ಲವೆಂದಲ್ಲ. ನೆರೆಯ ಮನೆಗೆ ಅಪಾಯವಾಗಬಾರದು, ಪ್ರಾಣಿ ನರಳಬಾರದು, ಹೊತ್ತವನು ದಣಿಯಬಾರದು ಎಂಬ ಮೂರು ಸದುದ್ದೇಶಗಳು ರೂಕ್ ರೈಫಲಿನಿಂದ ಹಾರ್ನೆಟ್ಟಿನವರೆಗೆ ಅದರಲ್ಲಿ ಕೆಲಸ ಮಾಡಿವೆ. ಆದರೆ ಆ ಉಪಕರಣ ಯಾರ ಕೈಗೆ ಬಂದಿತು, ಯಾರ ಕೈಗೆ ಬರಲಿಲ್ಲ, ಅದರ ಮುಂದೆ ನಿಂತ ಪ್ರಾಣಿಗೆ ಯಾವ ಹೆಸರಿಡಲಾಗಿತ್ತು ಎಂಬುದನ್ನು ಬಂದೂಕು ತಯಾರಕರು ತೀರ್ಮಾನಿಸಲಿಲ್ಲ.

ಹೊರನಾಡಿನ ಕನ್ನಡ ಸಂಶೋಧಕರಿಗೆ ಇಲ್ಲಿ ವಿಶೇಷವಾದ ಅವಕಾಶವಿದೆ. ಮುಂಬಯಿ, ಮದರಾಸು ಮತ್ತು ಹೈದರಾಬಾದುಗಳ ಆಡಳಿತದಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳ ಪರವಾನಗಿ ಮತ್ತು ಬಹುಮಾನದ ಕಡತಗಳು ಆಯಾ ನಗರಗಳ ಪತ್ರಾಗಾರಗಳಲ್ಲಿ ಹುಡುಕಬೇಕಾದವು. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಕೇಂದ್ರ ಸರ್ಕಾರದ ದಾಖಲೆಗಳಿವೆ. ಯಾವ ತಾಲ್ಲೂಕಿನಲ್ಲಿ ಯಾರಿಗೆ ಎಂತಹ ಕೋವಿ ದೊರೆಯಿತು, ಯಾವ ಪ್ರಾಣಿಯ ತಲೆಗೆ ಎಷ್ಟು ಹಣ ಸಂದಾಯವಾಯಿತು ಎಂಬುದನ್ನು ಗ್ರಾಮಗಳ ವೀರಗಲ್ಲು, ಪದಕೋಶ ಮತ್ತು ಕಾದಂಬರಿಗಳೊಡನೆ ಹೊಂದಿಸಿ ಓದಿದರೆ, ಕನ್ನಡ ನಾಡಿನಲ್ಲಿ ಮನುಷ್ಯನಿಗೂ ಕಾಡುಪ್ರಾಣಿಗೂ ನಡುವೆ ಇದ್ದ ಗಡಿ ಎಲ್ಲಿ, ಯಾವಾಗ, ಯಾರಿಂದ ಸರಿಯಿತೆಂಬುದನ್ನು ಖಚಿತವಾಗಿ ಗುರುತಿಸಬಹುದು. ಮುಂದಿನ 'ವರ್ಮಿನ್' ಘೋಷಣೆಯ ಕರಡು ಸಿದ್ಧವಾಗುವ ಮೊದಲು ಅಂತಹ ಅಧ್ಯಯನ ಕೈಗೆ ಸಿಗುವಂತಿದ್ದರೆ ಅದರ ಪ್ರಯೋಜನ ರೈತನಿಗೂ ಇದೆ, ಹಂದಿಗೂ ಇದೆ.